ಮುಟ್ಟಿ ನೋಡದ ಗಾಲಿ

ಮೊದಲಿಗೇ ಹೇಳಿಬಿಡುತ್ತೇನೆ, ಮಾತು ಬೆಳೆಯುತ್ತ ಹೋದರೆ ಧೈರ್ಯ ಉಳಿಯುತ್ತದೋ ಇಲ್ಲವೋ: ನಾನು ಮುಟ್ಟಿ ನೋಡಲಿಲ್ಲ. ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ನನ್ನ ತಂಗಿ ಶರಣಮ್ಮ ಮಾರ್ಕೆಟ್ ಯಾರ್ಡಿನಿಂದ ಚೆಂಡುಹೂವಿನ ಚೀಲಗಳನ್ನು ಹೇರಿಕೊಂಡು ಬಂದು, ಪುಣೆಯ ಯೆರವಡಾದ ನಮ್ಮ ಮನೆಯ ಮುಂದೆ ಮೋಟರ್ ಸೈಕಲ್ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ, "ಅಣ್ಣಾ, ಮುಂದಿನ ಗಾಲಿ ಭಾಳ ಬಿಸಿ ಆಗಲತ್ತದ, ಒಂದೀಟು ನೋಡು" ಎಂದಳು. ನಾನು ಹೊಸ್ತಿಲ ಮೇಲೆ ಕೂತು ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದುತ್ತಿದ್ದೆ. ಗಾಡಿ ಅಲ್ಲೇ ಎದುರಿಗಿತ್ತು. ಎದ್ದು, ಬಗ್ಗಿ, ಕೈಯ ಹಿಂಭಾಗವನ್ನು ಆ ಗಾಲಿಯ ಹತ್ತಿರ ಹಿಡಿದಿದ್ದರೆ ಸಾಕಿತ್ತು. ಅದ್ದಿದ ಖಾರಿ ಮುರಿದು ಚಹಾದೊಳಗೆ ಬಿದ್ದುಹೋಗುತ್ತದಲ್ಲ ಎಂದು ಏಳಲಿಲ್ಲ. "ಹೊಸಾ ಬ್ರೇಕ್ ಪ್ಯಾಡ್ ಹಾಕೀವಲ್ಲ, ಕೂಡೋತನಕ ಹಂಗೇ ಇರ್ತದ ತಗೋ" ಎಂದೆ. ಅವಳು ಅಣ್ಣನ ಮಾತು ನಂಬಿ ಒಳಗೆ ಹೋದಳು. ಖಾರಿ ಹೇಗೂ ಮುರಿದು ಬಿತ್ತು.

ಮುಟ್ಟಿ ನೋಡುವುದು ನಮ್ಮ ಮನೆಗೆ ಹೊಸದಲ್ಲ. ನಮ್ಮ ಅವ್ವ ಥರ್ಮಾಮೀಟರನ್ನು ನಂಬಿದವಳಲ್ಲ. ಮಕ್ಕಳು ಸಣ್ಣವರಿದ್ದಾಗ ಅಂಗೈಯಿಂದಲ್ಲ, ಕೈ ತಿರುವಿ ಹಿಂಭಾಗದಿಂದ ಹಣೆ ಮುಟ್ಟಿ, ಕಣ್ಣು ಅರೆಮುಚ್ಚಿ, ಒಳಗಿನ ಜ್ವರ ಹೊರಗಿನ ಜ್ವರ ಎಂದು ಬೇರೆ ಬೇರೆ ಮಾಡಿ ಹೇಳುತ್ತಿದ್ದಳು. ಅಂಗೈ ದುಡಿದು ದಪ್ಪ ಆಗಿರ್ತದ, ಅದಕ್ಕ ಸುಳ್ಳು ಹೇಳ್ತದ ಎನ್ನುವುದು ಅವಳ ವಾದ. ಬುಟ್ಟಿಯ ರೊಟ್ಟಿ, ಗಡಿಗೆಯ ನೀರು, ಬಾಡಿಗೆ ಮನೆಯ ತಗಡಿನ ಗೋಡೆ, ಎಲ್ಲವನ್ನೂ ನಾವು ಮುಟ್ಟಿಯೇ ತಿಳಿದವರು. ನಾನು ಯಾದಗಿರಿ ಕಡೆಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ಪುಸ್ತಕದಿಂದ ಬಂದ ತಿಳಿವು ಅಷ್ಟಕ್ಕೇ ನಿಂತಿತು. ಮಿಕ್ಕಿದ್ದೆಲ್ಲ ಕೈಯಿಂದಲೇ ಬಂದದ್ದು. ಇಷ್ಟು ಮುಟ್ಟುವ ಮನೆಯಲ್ಲಿ ಹುಟ್ಟಿದವನು, ಮುಟ್ಟಲೇಬೇಕಾದ ಆ ಒಂದನ್ನು ಬಿಟ್ಟದ್ದು ಹೇಗೆ ಎಂದು ಇಂದಿಗೂ ಕೇಳಿಕೊಳ್ಳುತ್ತೇನೆ.

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಶ್ರೀಖಂಡದ ಒಂದು ಖಾಲಿ ಡಬ್ಬಿಯಿದೆ. ಪುಣೆಯಲ್ಲಿ ಶ್ರೀಖಂಡ ತಿಂದು ಮುಗಿಸಿದ ಮೇಲೆ ಆ ಡಬ್ಬಿಯ ಎರಡನೆಯ ಜನ್ಮ ಶುರುವಾಗುತ್ತದೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಗುಂಡಿ ದಾರ, ನಮ್ಮ ಮನೆಯ ಈ ಒಂದರಲ್ಲಿ ಗ್ರೀಸು. ನಾನು ಹಡಪಸರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತು ಕೆಲಸ ಮಾಡುವವನು. ಆ ಯಂತ್ರಕ್ಕೆ ಹಚ್ಚಿ ಉಳಿದ ಹಳದಿ ಗ್ರೀಸನ್ನು, ಡ್ರಮ್ಮಿನ ಅಂಚಿಗೆ ಅಂಟಿಕೊಂಡು ಕಡೆಗೆ ಎಸೆದುಹೋಗುವುದನ್ನು, ನಾನು ಬಳಿದುಕೊಂಡು ತರುತ್ತಿದ್ದೆ. ನೋಡಲು ಥೇಟ್ ಎಮ್ಮೆಯ ಬೆಣ್ಣೆಗೆ ಅರಿಶಿನ ಕಲಸಿದ ಹಾಗೆ. ಬಾಗಿಲಿನ ತಿರುಗಣಿ, ಅವ್ವನ ಹೊಲಿಗೆ ಯಂತ್ರ, ಪಕ್ಕದ ಮನೆಯವರ ಶಟರ್, ಓಣಿಯ ನೀರಿನ ನಲ್ಲಿ, ಎಲ್ಲಿ ಕಿರುಗುಟ್ಟಿದರೂ ನನ್ನ ಡಬ್ಬಿಗೆ ಕರೆ ಬರುತ್ತಿತ್ತು. ಶರಣಿ ಅದಕ್ಕೆ 'ಅಣ್ಣನ ಬೆಣ್ಣಿ' ಎಂದು ಹೆಸರಿಟ್ಟಿದ್ದಳು. ಆ ಹೆಸರು ಕೇಳಿದರೆ ನನಗೊಂದು ಹೆಮ್ಮೆ. ಓದಿಲ್ಲದವನಿಗೆ ಓಣಿಯಲ್ಲಿ ಒಂದು ವಿದ್ಯೆಯಿದ್ದರೆ ಎಷ್ಟು ದೊಡ್ಡದೆನಿಸುತ್ತದೆ ಎಂಬುದು ನಿಮಗೆ ಗೊತ್ತಿರಬಹುದು.

ಶರಣಿಯದು ಹೂವಿನ ವ್ಯಾಪಾರ. ಅವಳ ಗಂಡ ಸೆಂಟ್ರಿಂಗ್ ಕೆಲಸಕ್ಕೆ ಊರೂರು ತಿರುಗುವವನು, ಗಾಡಿ ಅವನದು, ಓಡಿಸುವವಳು ಇವಳು. ಬೆಳಕು ಹರಿಯುವ ಹೊತ್ತಿಗೆ ಮಾರ್ಕೆಟ್ ಯಾರ್ಡಿನ ಹೂವಿನ ಸಾಲಿನಲ್ಲಿರುತ್ತಾಳೆ. ದಲಾಲರು ರಾಶಿಯ ಮೇಲ್ಭಾಗದಲ್ಲಿ ತಾಜಾ ಹೂವಿಟ್ಟು ಒಳಗೆ ನಿನ್ನೆಯದನ್ನು ತುಂಬಿರುತ್ತಾರಲ್ಲ, ಇವಳು ಮೊಣಕೈವರೆಗೆ ಕೈ ಇಳಿಸಿ, ರಾಶಿಯ ಹೊಟ್ಟೆಯೊಳಗಿನ ಒಂದು ಹೂವನ್ನು ಹಿಡಿದು ತಂದು ಅವರ ಮೂಗಿನ ಕೆಳಗೆ ಹಿಡಿಯುತ್ತಾಳೆ. "ಕಾಕಾ, ಹೇ ಕಾಲ್ಚಂ ಆಹೇ" ಎಂದು ಮರಾಠಿಯಲ್ಲಿ, ನಿನ್ನೆಯದು ಇದು ಎಂದು, ನಗುತ್ತಲೇ ಹೇಳುತ್ತಾಳೆ. ಅವರೂ ನಗುತ್ತ ಬೇರೆ ಚೀಲ ಬಿಚ್ಚುತ್ತಾರೆ. ಅಗ್ಗಕ್ಕೆ ಒಳ್ಳೆಯದನ್ನು ಆರಿಸುವುದು ಅವಳ ಕೈಯಲ್ಲೇ ಇದ್ದ ವರ. 'ಇದ್ದ' ಎಂದು ಬರೆದೆ ನೋಡಿ. ನನ್ನ ಭಯವೆಲ್ಲ ಆ ಒಂದು ಶಬ್ದದಲ್ಲಿದೆ.

ದಸರೆಗೆ ಮುಂಚೆ ಮುಂದಿನ ಬ್ರೇಕಿನ ಪ್ಯಾಡುಗಳು ಸವೆದಿದ್ದವು. ಹೂವಿಗೆ ಅದೇ ಸುಗ್ಗಿ, ಗಾಡಿ ನಿಲ್ಲುವಂತಿಲ್ಲ. ಪ್ಯಾಡು ಕೊಳ್ಳಲು ಅವಳೇ ಹೊರಟಳು. ಸವೆದ ಹಳೆಯ ಜೋಡಿಯನ್ನು ಕಾಗದದಲ್ಲಿ ಸುತ್ತಿಕೊಂಡಳು, ನಾನು ಹಿಂದೆ ಹಿಂದೆ ಹೋದೆ. ಅಂಗಡಿಯಾತ ಮೂರು ತರಹ ಇಟ್ಟ. ಗಾಡಿ ಮಾಡಿದ ಕಂಪನಿಯ ಮೊಹರು ಹೊತ್ತದ್ದು ಒಂದು, ಹೆಸರೇ ಇಲ್ಲದ, ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು ಒಂದು, ಬ್ರೇಕಿನ ಸಾಮಾನನ್ನೇ ಮಾಡುವ ಬೇರೊಬ್ಬರು ತಮ್ಮದೇ ಹೆಸರಿನಲ್ಲಿ ಸ್ವಲ್ಪ ಕಡಿಮೆಗೆ ಮಾರುವುದು ಒಂದು. ಶರಣಿ ಹೂವು ನೋಡುವ ಹಾಗೆಯೇ ನೋಡಿದಳು. ಹೆಸರಿಲ್ಲದ್ದರ ಅಂಚನ್ನು ಉಗುರಿನಿಂದ ಕೆರೆದಾಗ ಪುಡಿ ಉದುರಿತು, ಅದನ್ನು ಬದಿಗೆ ಸರಿಸಿದಳು. ಮಿಕ್ಕ ಎರಡನ್ನೂ ಹಳೆಯದರ ಪಕ್ಕ ಇಟ್ಟು, ಹಿಂದಿನ ಕಬ್ಬಿಣದ ಪಟ್ಟಿ ಸೊಟ್ಟಗಿಲ್ಲವೇ, ತೂತು ತೂತಿಗೆ ಕೂಡುತ್ತದೆಯೇ, ಮೇಲಿನ ಮಸಾಲೆ, ಎಂದರೆ ಉಜ್ಜಿ ಗಾಡಿ ನಿಲ್ಲಿಸುವ ಪದರ, ಪಟ್ಟಿಗೆ ಗಟ್ಟಿಯಾಗಿ ಕಚ್ಚಿಕೊಂಡಿದೆಯೇ ಎಂದು ತಿರುವಿ ತಿರುವಿ ನೋಡಿದಳು. ಕಡೆಗೆ ಮೂರನೆಯದನ್ನು ಎತ್ತಿಕೊಂಡಳು.

"ಗುಜರಿಯೊಳಗ ಹಳೇ ಕ್ಯಾಲಿಪರ್ ಪೂರ್ತಿ ಸಿಗ್ತದ, ಇನ್ನೂ ಸಸ್ತಾ" ಎಂದು ನಾನೇ ಬಾಯಿ ಹಾಕಿದ್ದೆ.

"ಯಾರ ಗಾಡಿ ಬಿದ್ದು ಬಂದದ್ದೋ ಏನೋ ಅದು! ಬ್ರೇಕ್ ಮಾತ್ರ ಒಬ್ಬರ ಎಂಜಲ ಬ್ಯಾಡಪ್ಪಾ" ಎಂದು ನಕ್ಕಳು.

ಅವಳ ತೀರ್ಪು ಸರಿಯಾಗಿತ್ತು. ಅದನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವಂತಿದ್ದರೆ ಬರೆಯುತ್ತಿದ್ದೆ.

ಅವನ್ನು ಹಾಕಿದವನು ನಾನು. ಖಂಡೇನವಮಿಯ ಹಿಂದಿನ ದಿನ ಕಾರ್ಖಾನೆಯಲ್ಲಿ ಪ್ರೆಸ್ಸನ್ನು ತೊಳೆದು ಒರೆಸಿ ಗ್ರೀಸು ಹಚ್ಚುವುದು ಪದ್ಧತಿ. ಮರುದಿನ ಆಯುಧಪೂಜೆಗೆ ಕಬ್ಬಿಣ ಒಣಗಿ ನಿಲ್ಲಬಾರದು. ಮನೆಗೆ ಬಂದವನು ತಂಗಿಯ ಗಾಡಿಗೂ ಅದೇ ಉಪಚಾರ ಮಾಡಲು ಕೂತೆ. ಕ್ಯಾಲಿಪರ್ ಎಂದರೆ, ನೀವು ಗಾಡಿ ಬಿಚ್ಚಿ ನೋಡಿದವರಲ್ಲದಿದ್ದರೆ, ಗಾಲಿಯ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಒಂದು ಮುಷ್ಟಿ. ಲಿವರ್ ಒತ್ತಿದರೆ ಬ್ರೇಕ್ ಆಯಿಲ್ ಒಳಗಿನ ಪಿಸ್ಟನ್ ಎಂಬ ಗುಂಡನ್ನು ತಳ್ಳುತ್ತದೆ, ಗುಂಡು ಪ್ಯಾಡನ್ನು ತಳ್ಳುತ್ತದೆ, ಮುಷ್ಟಿ ಬಿಗಿಯುತ್ತದೆ. ಬಿಟ್ಟರೆ ಬಿಡಬೇಕು. ಆ ಬಿಡುವ ಕೆಲಸ ರಬ್ಬರಿನದು. ಗುಂಡಿನ ಸುತ್ತ ಒಂದು ರಬ್ಬರಿನ ಬಳೆ ಅದನ್ನು ತುಸುವೇ ಹಿಂದಕ್ಕೆಳೆಯುತ್ತದೆ, ಮುಷ್ಟಿ ಅತ್ತಿತ್ತ ಸರಿಯುವ ಪಿನ್ನುಗಳಿಗೆ ರಬ್ಬರಿನ ಟೊಪ್ಪಿಗೆ ಇರುತ್ತದೆ. ನಾನು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಧೂಳು ತೆಗೆದೆ, ಪಿನ್ನುಗಳನ್ನು ಒರೆಸಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಶ್ರೀಖಂಡದ ಡಬ್ಬಿ ತೆರೆದು ಪಿನ್ನಿಗೆ, ಟೊಪ್ಪಿಗೆಗೆ, ಗುಂಡಿನ ಸುತ್ತ, ಕೈ ಬಿಚ್ಚಿ ಹಚ್ಚಿದೆ. ದೇವರಿಗೆ ಎಣ್ಣೆ ಹಚ್ಚುವವನ ಭಕ್ತಿಯಿತ್ತು ನನ್ನಲ್ಲಿ. ರಬ್ಬರಿನ ಹತ್ತಿರ ಆ ಗ್ರೀಸು ಹೋಗಬಾರದು, ಬ್ರೇಕಿಗೆಂದೇ ಬೇರೆ ಗ್ರೀಸು ಸಣ್ಣ ಪುಡಿಕೆಯಲ್ಲಿ ಸಿಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದು ಬರೆದೆ, ಆದರೆ ಕೈ ತಡೆಯುತ್ತದೆ. ಹಿಂದೊಮ್ಮೆ ಕಾರ್ಖಾನೆಯಲ್ಲಿ ನನ್ನ ಹವಾಯಿ ಚಪ್ಪಲಿಯೊಂದು ಚೆಲ್ಲಿದ ಗ್ರೀಸಿನ ಮೇಲೆ ಕೆಲವು ದಿನ ಬಿದ್ದಿತ್ತು. ಹಾಕಿಕೊಳ್ಳಲು ಹೋದರೆ ಅದರ ಪಟ್ಟಿ ಉಬ್ಬಿ, ಮೆತ್ತಗಾಗಿ, ಇನ್ನೊಂದು ಕಾಲಿನದಕ್ಕಿಂತ ಉದ್ದವಾಗಿತ್ತು. ಜೊತೆಯವರು "ನಿನ್ನ ಎಡಗಾಲು ಬೆಳ್ಯಾಕ ಹತ್ಯದ ನೋಡು" ಎಂದು ನಗಾಡಿದರು, ನಾನೂ ನಕ್ಕು ಚಪ್ಪಲಿ ಎಸೆದೆ. ರಬ್ಬರು ನನ್ನ ಕಾಲಿಗೇ ಬಂದು ಪಾಠ ಹೇಳಿ ಹೋಗಿತ್ತು. ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ. ಹೀಗಾಗಿ ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ, ಗೊತ್ತಿತ್ತು ಎನ್ನುವುದೂ ಅಲ್ಲ. ನಡುವಿನ ಆ ಜಾಗದಲ್ಲಿ ನಾನು ರಾತ್ರಿಯೆಲ್ಲ ಹೊರಳುತ್ತೇನೆ.

ಗಾಲಿ ಬಿಸಿ ಎಂದು ಅವಳು ಹೇಳಿ ಕೆಲವು ದಿನಗಳ ಮೇಲೆ, ಲಕ್ಷ್ಮೀಪೂಜೆಯ ಮುಂಜಾನೆ, ಅದು ನಡೆಯಿತು. ಹೂವು ಹೇರಿಕೊಂಡು ನದಿಯ ಸೇತುವೆಯ ಕಡೆಗೆ ಇಳಿಯುತ್ತಿದ್ದಳಂತೆ. ಗಾಡಿ ಯಾರೋ ಹಿಂದಿನಿಂದ ಎಳೆದ ಹಾಗೆ ಭಾರವಾಗಿತ್ತಂತೆ, ಹೂವಿನ ಭಾರ ಎಂದುಕೊಂಡಳಂತೆ. ಮುಂದೆ ರಿಕ್ಷಾ ಒಂದು ತಟ್ಟನೆ ನಿಂತಿತು. ಲಿವರ್ ಒತ್ತಿದಳು. ಮುಷ್ಟಿ ಬಿಗಿಯಿತು. ಬಿಟ್ಟಳು, ಮುಷ್ಟಿ ಬಿಡಲಿಲ್ಲ. ಗಾಲಿ ನಿಂತೇಬಿಟ್ಟಿತು, ಗಾಡಿ ನಿಲ್ಲಲಿಲ್ಲ. ರಸ್ತೆಯ ಮೇಲೆ ಚೆಂಡುಹೂವು ಹರಡಿ, ಅದರ ನಡುವೆ ಅವಳು ಬಲಗೈ ಅಡಿಗೆ ಹಾಕಿಕೊಂಡು ಬಿದ್ದಿದ್ದಳು. ಹಿಂದೆ ಸಿಟಿ ಬಸ್ಸು ಬರುತ್ತಿತ್ತು.

ಬಸ್ಸು ನಿಂತಿತು.

ನಾನು ಓಡಿ ಹೋಗುವ ಹೊತ್ತಿಗೆ ಜನ ಅವಳನ್ನು ಕಟ್ಟೆಯ ಮೇಲೆ ಕೂರಿಸಿದ್ದರು, ಬಸ್ಸು ಮಾತ್ರ ಇನ್ನೂ ಅಲ್ಲೇ ಇತ್ತು, ಅದರ ಮುಂದಿನ ಗಾಲಿಯ ಕೆಳಗೆ ಚೆಂಡುಹೂವು ಅರ್ಧ ಅರೆದು ಅರ್ಧ ಅರಳಿಕೊಂಡೇ ಇತ್ತು. ಹೂವಿನ ಆ ಅರ್ಧಕ್ಕೂ ನನ್ನ ತಂಗಿಯ ಹೆಲ್ಮೆಟ್ಟು ಉರುಳಿ ನಿಂತ ಜಾಗಕ್ಕೂ ನಡುವೆ ಒಬ್ಬ ಮನುಷ್ಯ ಕೂರುವಷ್ಟೂ ಜಾಗವಿರಲಿಲ್ಲ. ಎಲ್ಲೋ ಒಂದು ಡಿಪೋದಲ್ಲಿ ಯಾರೋ ಒಬ್ಬರು ಆ ಬಸ್ಸಿನ ಬ್ರೇಕನ್ನು ಹಿಂದಿನ ದಿನವೋ ಹಿಂದಿನ ವಾರವೋ ನೋಡಿರಬೇಕು. ಅವರಿಗೆ ನನ್ನ ತಂಗಿ ಯಾರೋ ಗೊತ್ತಿಲ್ಲ. ಅವರ ಚಹಾವೂ ಪಕ್ಕದಲ್ಲಿ ಆರುತ್ತಿದ್ದಿರಬಹುದು. ಆದರೂ ಎದ್ದಿರಬೇಕು, ಬಗ್ಗಿರಬೇಕು, ಮುಟ್ಟಿರಬೇಕು. ಗುರುತಿಲ್ಲದವರೊಬ್ಬರು ನೋಡಿಕೊಂಡ ಗಾಲಿ ಅವಳನ್ನು ಉಳಿಸಿತು, ಒಡಹುಟ್ಟಿದವನು ನೋಡದ ಗಾಲಿ ಕೆಡವಿತು. ನಾವು ದಿನಾ ಈ ಊರಿನ ರಸ್ತೆಯಲ್ಲಿ ಹೋಗುವಾಗ ನಮ್ಮ ಜೀವ ಎಷ್ಟು ಮಂದಿ ಕಾಣದವರ ಕೈಯೊಳಗೆ ಇರುತ್ತದೆ ಎಂದು ಯೋಚಿಸಿದ್ದೀರಾ? ನಾನು ಈಗ ಯೋಚಿಸುತ್ತೇನೆ, ಯೋಚಿಸಿದರೆ ರಸ್ತೆ ದಾಟಲು ಕಾಲು ಬರುವುದಿಲ್ಲ.

ಅವಳ ಬಲ ಮಣಿಕಟ್ಟು ಮುರಿದಿತ್ತು. ಬ್ರೇಕ್ ಹಿಡಿಯುವ ಕೈ.

ಗಾಡಿಯನ್ನು ಟೆಂಪೋದಲ್ಲಿ ಹಾಕಿ ಮನೆಯ ಹತ್ತಿರದ ಗ್ಯಾರೇಜಿಗೆ ತಂದೆವು. ಅಲ್ಲಿಯ ಮೆಕ್ಯಾನಿಕ್ ಬಾಳೂಭಾವು ನಮಗೆ ಹಳೆಯ ಪರಿಚಯ, ಮಾತು ಮುಂದೆ, ನಟ್ಟು ಬಿಚ್ಚುವ ಪಾನಾ ಹಿಂದೆ. ಅಂದು ಅವನ ಅಂಗಳದಲ್ಲಿ ಹಬ್ಬದ ಗದ್ದಲ. ದೂರದಿಂದಲೇ "ಪ್ಯಾಡ್ ಕುಠಲಾ?" ಎಂದು, ಯಾವುದು ಹಾಕಿದ್ದೀರಿ ಎಂದು, ಕೇಳಿದ. ನಾನು ಹೇಳಿದೆ. "ಅರೇ, ಸ್ವಸ್ತಾತ್ ಘೇತಲಂ ಕೀ ಅಸಂಚ್ ಹೋತಂ" ಎಂದ. ಅಗ್ಗದ್ದು ತಗೊಂಡರೆ ಹೀಗೇ ಆಗುವುದು. ಬಿಚ್ಚಿ ನೋಡಲಿಲ್ಲ. ಸೊಟ್ಟಾದ ಹ್ಯಾಂಡಲ್ ನೆಟ್ಟಗೆ ಮಾಡಿ, ಬ್ರೇಕಿನ ಕೆಲಸ ಹಬ್ಬ ಮುಗಿದ ಮೇಲೆ ಎಂದ. ನಾನು ತಲೆಯಾಡಿಸಿದೆ. ನನಗಾಗ ನಿಜವಾಗಿಯೂ ಏನೂ ತಿಳಿದಿರಲಿಲ್ಲ, ಆದರೆ ಒಳಗೆ ಬಿಸಿ ಗಾಲಿಯ ಮಾತೊಂದು ಮುಳ್ಳಾಡುತ್ತಿತ್ತು, ಆ ಮುಳ್ಳಿನ ಮೇಲೆ ಅವನ ಮಾತು ಮುಲಾಮು ಬಿದ್ದ ಹಾಗೆ ಬಿತ್ತು. ಮನೆಗೆ ಬಂದು ಆ ಮಾತನ್ನೇ ಹೇಳಿದೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಗೋಡೆಗೊರಗಿದ್ದ ಶರಣಿ ಕೇಳಿಸಿಕೊಂಡಳು. ಪ್ಲಾಸ್ಟರಿನ ಕಡೆ ನೋಡುತ್ತ, "ಕಂಪನಿದು ತಗೊಂಡಿದ್ರ ಆಗ್ತಿತ್ತು. ನಾನೇ ಶಾಣೆತನ ಮಾಡಿದೆ" ಎಂದಳು.

ಅವ್ವನದು ಬೇರೆಯೇ ತನಿಖೆ. ಅವಳ ಪ್ರಕಾರ ಖಂಡೇನವಮಿಯ ನಿಂಬೆಹಣ್ಣನ್ನು ನಾನು ಹಿಂದಿನ ಗಾಲಿಗೆ ಸರಿಯಾಗಿ ಇಟ್ಟಿದ್ದೆ, ಮುಂದಿನ ಗಾಲಿಗೆ ಇಟ್ಟದ್ದು ಅಡ್ಡ ಸರಿದು ಪೂರ್ತಿ ಒಡೆದಿರಲಿಲ್ಲ. "ನಾ ಆಗಲೇ ಅಂದಿದ್ದೆ, ಅರ್ಧಾ ಒಡದದ ಅಂತ. ಕೇಳ್ತಾನೇನು ಇಂವ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಬಂದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮುಂದಿನ ಗಾಲಿಯಲ್ಲಿ ನಾನೇ ಏನೋ ತಪ್ಪು ಮಾಡಿದ್ದೇನೆ ಎಂದು ಆ ಮನೆಯಲ್ಲಿ ಸರಿಯಾಗಿ ಹೇಳಿದವಳು ಅವಳೊಬ್ಬಳೇ.

ಅಗ್ಗ ಎಂಬ ಮಾತಿನ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ. ಉಳ್ಳವರ ಗಾಡಿ ಕೆಟ್ಟರೆ ಅದು ಕೆಟ್ಟಿತು ಎನ್ನುತ್ತಾರೆ. ನಮ್ಮಂಥವರದು ಕೆಟ್ಟರೆ, ಅಗ್ಗದ್ದು ತಂದಿದ್ದರು ಎನ್ನುತ್ತಾರೆ. ಚಪ್ಪಲಿ ಹರಿದರೆ, ಮನೆ ಸೋರಿದರೆ, ಮಗುವಿನ ಕೆಮ್ಮು ನಿಲ್ಲದಿದ್ದರೆ, ಎಲ್ಲಕ್ಕೂ ಆ ಒಂದು ಉತ್ತರ ಸಿದ್ಧವಾಗಿ ಬಾಗಿಲಲ್ಲೇ ನಿಂತಿರುತ್ತದೆ. ಬಿಚ್ಚಿ ನೋಡುವ ಕಷ್ಟವನ್ನು ಅದು ಉಳಿಸುತ್ತದೆ. ಅಗ್ಗ ಎಲ್ಲವೂ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಉಗುರು ತಾಗಿದರೆ ಉದುರುವ ಪ್ಯಾಡನ್ನು, ಯಾರೋ ಬಿದ್ದ ಗಾಡಿಯ ಕ್ಯಾಲಿಪರನ್ನು, ಹೆಸರಿಲ್ಲದ ರಬ್ಬರಿನ ಸೀಲನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಬೇಕು. ಆದರೆ ಅಗ್ಗದಲ್ಲೇ ಒಳ್ಳೆಯದನ್ನು ಹುಡುಕಿ ತೆಗೆಯುವುದು ಬಡವರ ಮನೆಯ ಹೆಂಗಸರು ಜೀವಮಾನವಿಡೀ ಕಲಿತ ವಿದ್ಯೆ. ಆ ವಿದ್ಯೆಗೆ ಕಳಂಕ ಹಚ್ಚುವುದು ಬಲು ಸುಲಭ. ನಾನು ಹಚ್ಚಿದೆ, ಅದೂ ಆ ವಿದ್ಯೆಯಿಂದಲೇ ನಮ್ಮ ಒಲೆ ಉರಿಯುತ್ತಿದ್ದ ಮನೆಯಲ್ಲಿ ಕೂತು.

ಹಬ್ಬ ಮುಗಿದ ಮೇಲೆ ಒಂದು ರಜೆಯ ದಿನ, ಬಾಳೂಭಾವುವಿನ ಕೈ ಬಿಡುವಾಗುವುದನ್ನು ಕಾಯದೆ ಗಾಡಿ ಮನೆಗೆ ತಂದು ನಾನೇ ಕ್ಯಾಲಿಪರ್ ಬಿಚ್ಚಿದೆ. ಪಿನ್ನು ಬರಲೊಲ್ಲದು. ಜಗ್ಗಿ ತೆಗೆದಾಗ ಟೊಪ್ಪಿಗೆಯ ರಬ್ಬರು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು, ಒತ್ತಿದರೆ ಬೆರಳಿನ ಗುರುತು ಉಳಿಯಿತು. ಗುಂಡಿನ ಸುತ್ತಿನ ಬಳೆಯೂ ಹಾಗೇ ಉಬ್ಬಿ ಗುಂಡನ್ನು ಕಚ್ಚಿ ಹಿಡಿದಿತ್ತು. ನನ್ನ ಹಳದಿ ಬೆಣ್ಣೆ ಸುಟ್ಟು ಕಪ್ಪಾಗಿ ಎಲ್ಲ ಕಡೆ ಅಂಟಿಕೊಂಡಿತ್ತು. ಪ್ಯಾಡುಗಳು ಕಾದು ಕಾದು ಗಾಜಿನ ಹಾಗೆ ಹೊಳೆಯುತ್ತಿದ್ದವು, ಒಂದು ಓರೆಯಾಗಿ ಸವೆದಿತ್ತು, ಆದರೆ ಮಸಾಲೆ ಪಟ್ಟಿಯನ್ನು ಬಿಟ್ಟಿರಲಿಲ್ಲ, ಎಲ್ಲೂ ಒಡೆದಿರಲಿಲ್ಲ. ಅಷ್ಟು ಬೆಂಕಿಯಲ್ಲೂ ಅವು ತಮ್ಮ ಕೆಲಸ ಮಾಡಿಕೊಂಡೇ ಇದ್ದವು. ಎಸೆದ ಚಪ್ಪಲಿಯ ಪಟ್ಟಿ ಆಗ ನೆನಪಾಯಿತು. ಒಳಗಿನಿಂದ ಶರಣಿ "ಏನರ ತಿಳೀತೇನಣ್ಣಾ?" ಎಂದಳು.

"ಇಲ್ಲ" ಎಂದೆ.

ಎಲ್ಲವನ್ನೂ ಮತ್ತೆ ಜೋಡಿಸಿ, ಗಾಡಿಯ ಮೇಲೆ ತಾಡಪತ್ರಿ ಹೊದಿಸಿದೆ. ಹೆಣಕ್ಕೆ ಹೊದಿಸಿದ ಹಾಗಿತ್ತು.

ಭಯ ಎಂಬುದು ಹೇಗೆ ಬದುಕುತ್ತದೆ ಎಂದು ಅಂದಿನಿಂದ ಕಲಿತೆ. ನಮ್ಮ ಕಾರ್ಖಾನೆಯ ಪ್ರೆಸ್ಸಿಗೆ ಎರಡು ಗುಂಡಿಗಳಿವೆ, ಎರಡೂ ಕೈಯಿಂದ ಒಮ್ಮೆಗೇ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯುತ್ತದೆ. ಯಾವ ಕೈಯೂ ಅಡಿಯಲ್ಲಿ ಮರೆತು ಉಳಿಯದಿರಲೆಂದು ಯಾರೋ ಮುಂಚೆಯೇ ಹೆದರಿ, ತಮ್ಮ ಹೆದರಿಕೆಯನ್ನು ಯಂತ್ರದೊಳಗೇ ಕೂರಿಸಿದ್ದಾರೆ. ಒಳ್ಳೆಯ ಭಯವದು, ಕೆಲಸಕ್ಕೆ ಮುಂಚೆ ಬರುತ್ತದೆ. ನನ್ನದು ಕೆಲಸ ಕೆಟ್ಟ ಮೇಲೆ ಬಂದ ಭಯ, ಅದಕ್ಕೆ ಗುಂಡಿಗಳಿಲ್ಲ. ಓಣಿಯಲ್ಲಿ ಯಾವ ಗಾಡಿಯ ಬ್ರೇಕು ಕಿರುಚಿದರೂ ಎದ್ದು ಹೊರಗೆ ಓಡುತ್ತೇನೆ. ಅವ್ವನ ಹೊಲಿಗೆ ಯಂತ್ರ ಸುಮ್ಮನೆ ಓಡಿದರೂ ಅದರೊಳಗೆ ನಾನು ಹಚ್ಚಿದ್ದು ಏನು ಮಾಡುತ್ತಿದೆಯೋ ಎನಿಸುತ್ತದೆ. ಪಕ್ಕದ ಮನೆಯವರು ಶಟರಿಗೆ ಗ್ರೀಸು ಕೇಳಿಕೊಂಡು ಬಂದರೆ, ಮುಗಿದಿದೆ ಎನ್ನುತ್ತೇನೆ. ಡಬ್ಬಿ ತುಂಬಿಯೇ ಇದೆ. ನನ್ನ ಕೈಗಳಿಗೆ ನಾನೇ ಹೆದರುತ್ತೇನೆ. ಮತ್ತು ಅವೆಲ್ಲಕ್ಕಿಂತ ಮೇಲಾಗಿ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಅವಳಿಗೆ ಗೊತ್ತಾದರೆ ಎಂದು ಹೆದರುತ್ತಿದ್ದೆ. ಅಣ್ಣನ ಬೆಣ್ಣಿ ಎಂದು ನಗುವ ಮುಖ ಆಮೇಲೆ ನನ್ನ ಕಡೆಗೆ ಹೇಗೆ ತಿರುಗೀತು?

ಆದರೆ ಆ ಮುಖ ಆಗಲೇ ಬದಲಾಗಿತ್ತು. ಪ್ಲಾಸ್ಟರ್ ಬಿಚ್ಚಿದರು, ಎಲುಬು ಕೂಡಿತು, ಕೂಡದೇ ಉಳಿದದ್ದು ಬೇರೆ. ಅವಳ ಬದಲಿಗೆ ಬೇರೊಬ್ಬ ಗಾಡಿಯವನು ಹೂವು ತಂದು ಹಾಕತೊಡಗಿದ್ದ, ಚೀಲದ ಬಾಯಲ್ಲಿ ತಾಜಾ, ಹೊಟ್ಟೆಯಲ್ಲಿ ನಿನ್ನೆಯದು. ನನಗೇ ವಾಸನೆಯಲ್ಲಿ ತಿಳಿಯುತ್ತಿತ್ತು. ಅವಳು ಕೈ ಇಳಿಸಿ ನೋಡುತ್ತಲೇ ಇರಲಿಲ್ಲ. "ಯಾಕ ಶರಣಿ, ಇದು ಹಳೇದಲ್ಲ?" ಎಂದರೆ, "ಇರಬೇಕೇನೋ. ನನಗೇನು ತಿಳೀತದ" ಎನ್ನುವಳು. ಸಾಬೂನು ಕೊಳ್ಳಲು ಹೋದರೆ ಅಂಗಡಿಯಿಂದ ಫೋನು, ಅಣ್ಣಾ, ಯಾವುದು ತರಲಿ? ಬಾಡಿದ ಹೂವು ಮಾರುವವಳೆಂದು ಗಿರಾಕಿಗಳು ಒಬ್ಬೊಬ್ಬರೇ ಸರಿಯತೊಡಗಿದರು. ನಾನು ಕೆಡಿಸಿದ್ದು ಒಂದು ರಬ್ಬರಿನ ಬಳೆ ಎಂದುಕೊಂಡಿದ್ದೆ. ಅವಳ ಕೈಯೊಳಗಿನ ವರವೇ ಉಬ್ಬಿ ಜಾಮಾಗಿತ್ತು, ನನ್ನದೊಂದು ಮಾತು ಹೊರಬರದೆ.

ಯುಗಾದಿ ಹತ್ತಿರ ಬಂತು. ಇಲ್ಲಿಯವರಿಗೆ ಅದು ಪಾಡವಾ, ಮನೆಮನೆಗೂ ಹಾರ ಬೇಕು. ಈ ಸಲ ತಾನೇ ಹೋಗಿ ತರದಿದ್ದರೆ ಇದ್ದ ಗಿರಾಕಿಗಳೂ ಉಳಿಯುವುದಿಲ್ಲವೆಂದು ಅವಳೇ ಗಾಡಿ ಹತ್ತುವ ಮನಸ್ಸು ಮಾಡಿದಳು. ಹತ್ತಿದರೂ ನನಗೆ ಭಯ, ಹತ್ತದಿದ್ದರೂ ಭಯ. ಕಳೆದ ಭಾನುವಾರ ಒಂದು ಚೀಲ ತಂದು ನನ್ನ ಮುಂದಿಟ್ಟಳು. ರಬ್ಬರಿನ ಬಳೆ ಟೊಪ್ಪಿಗೆಗಳ ಸೀಲ್ ಕಿಟ್, ಪಿನ್ನು, ಪ್ಯಾಡು, ಆಯಿಲ್, ಎಲ್ಲ ಕಂಪನಿಯ ಮೊಹರಿನವು.

"ನಾ ಏನೂ ಆರಿಸಿಲ್ಲಪ್ಪಾ. ಎಲ್ಲಾಕಿಂತ ತುಟ್ಟಿದು ಯಾವುದದ ಅದೇ ಕೊಡ್ರಿ ಅಂದೆ. ಈಗರ ಸರಿ ಆಗ್ತದಲ್ಲ?" ಎಂದಳು.

ನಾನು ತಲೆಯೆತ್ತಲಿಲ್ಲ. ನನ್ನ ಅಂಗಿಯ ಜೇಬಿನಲ್ಲಿ ಬ್ರೇಕಿನ ಗ್ರೀಸಿನ ಸಣ್ಣ ಪುಡಿಕೆಯೊಂದಿತ್ತು, ಅವಳಿಗೆ ತಿಳಿಯದಂತೆ ಕೊಂಡು ತಂದದ್ದು. ನನ್ನ ಲೆಕ್ಕ ಹೀಗಿತ್ತು: ಹಳೆಯದನ್ನೆಲ್ಲ ತೆಗೆದು ಹಾಕುವುದು, ಹೊಸ ರಬ್ಬರಿಗೆ ಸರಿಯಾದ ಗ್ರೀಸನ್ನು ಮರೆಯಲ್ಲಿ ಹಚ್ಚುವುದು, ಗಾಡಿ ಚೆನ್ನಾಗಿ ಓಡುತ್ತದೆ, ತುಟ್ಟಿಯದ್ದು ತಂದದ್ದಕ್ಕೆ ಸರಿಯಾಯಿತು ಎಂದು ಅವಳು ತಿಳಿಯುತ್ತಾಳೆ, ನಾನು ಉಳಿಯುತ್ತೇನೆ. ಗಾಡಿಯ ಮಟ್ಟಿಗೆ ಈ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಅದಕ್ಕೇ ಅದು ನನ್ನನ್ನು ಹೆದರಿಸುತ್ತಿತ್ತು. ಒಂದು ಸುಳ್ಳು ಚೊಕ್ಕಟವಾಗಿ ಕೂತುಬಿಟ್ಟರೆ, ಸವೆಯುವವಳು ಅವಳು.

ಗಾಲಿ ಬಿಚ್ಚಿದೆ, ಕ್ಯಾಲಿಪರ್ ಕೆಳಗಿಳಿಸಿದೆ, ಒರೆಸಿದೆ, ಹೊಸ ಬಳೆಯನ್ನು ಬ್ರೇಕ್ ಆಯಿಲ್ಲಿನಲ್ಲೇ ತೋಯಿಸಿ ಕೂರಿಸಿದೆ. ಅವಳು ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಹಾರ ಕಟ್ಟುತ್ತಿದ್ದಳು. ಎದ್ದು ಒಳಗೆ ಹೋದರೆ ಜೇಬಿನದನ್ನು ತೆಗೆಯೋಣ ಎಂದು ಕಾಯುತ್ತಿದ್ದೆ. ಎದ್ದಳು. ಒಳಗೆ ಹೋದಳು. ನಾನು ಜೇಬಿಗೆ ಕೈ ಹಾಕಿ ಪುಡಿಕೆಯ ಮೂಲೆ ಹರಿಯುವುದರೊಳಗೆ ತಿರುಗಿ ಬಂದೇಬಿಟ್ಟಳು, ಕೈಯಲ್ಲಿ ಶ್ರೀಖಂಡದ ಡಬ್ಬಿ.

"ಇದನ್ನ ಮರ್ತು ಕುಂತಿದ್ದೆಲ್ಲ! ನಿನ್ನ ಬೆಣ್ಣಿ ಇಲ್ಲದ ಹ್ಯಾಂಗ ಆಗ್ತದ?" ಎಂದಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ಮುಚ್ಚಳ ತೆಗೆದು, ನನಗೆ ನೆರವಾಗಲೆಂದು, ತೋರುಬೆರಳಿನ ತುದಿಯಲ್ಲಿ ಒಂದು ಉಂಡೆ ಗ್ರೀಸು ತೆಗೆದುಕೊಂಡು, ನನ್ನ ಕೈಯಲ್ಲಿದ್ದ ಹೊಸ ಟೊಪ್ಪಿಗೆಯ ಕಡೆಗೆ ಚಾಚಿದಳು.

ನಾನು ಅವಳ ಮಣಿಕಟ್ಟನ್ನು ಹಿಡಿದೆ.

ಚರ್ಮದ ಕೆಳಗೆ, ಮುರಿದು ಕೂಡಿದ ಎಲುಬಿನ ಮೇಲೆ, ಒಂದು ಸಣ್ಣ ಗಂಟು ನನ್ನ ಬೆರಳಿಗೆ ಸಿಕ್ಕಿತು. ಇಷ್ಟು ದಿನ ಆಸ್ಪತ್ರೆಗೆ ಕರೆದೊಯ್ದಿದ್ದೆ, ಗುಳಿಗೆ ತಂದಿದ್ದೆ, ಕಾಯಿಸಿದ ಎಣ್ಣೆಯ ಬಟ್ಟಲನ್ನು ಅವ್ವನ ಕೈಗೆ ಕೊಟ್ಟಿದ್ದೆ. ಆ ಜಾಗವನ್ನು ಮುಟ್ಟಿ ನೋಡಿದ್ದು ಅದೇ ಮೊದಲು. ಬಿಸಿಯಾಗಿತ್ತು, ಬದುಕಿರುವ ಕೈ ಇರುವಷ್ಟು ಬಿಸಿ.

"ಅಣ್ಣಾ, ಕೈ ಬಿಡು, ನೋಯ್ತದ. ಯಾಕ, ಏನಾತು? ಮುಖ ಯಾಕ ಹಂಗ ಮಾಡ್ಕೊಂಡಿ?"

ಬಿಗಿದದ್ದು ಬಿಡಬೇಕು. ಬೆರಳುಗಳನ್ನು ಸಡಿಲಿಸಿದೆ. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು, ಓಣಿಯಲ್ಲಿ ಯಾರೋ ಹಾದು ಹೋಗುತ್ತಿದ್ದರು, ಯಾರಿಗೆ ಕೇಳಿಸಿದರೂ ಕೇಳಿಸಲೆಂದು ಗಟ್ಟಿಯಾಗಿಯೇ ಹೇಳಿದೆ:

"ಶರಣಿ, ಆ ಪ್ಯಾಡ್ ಛಲೋ ಇದ್ದವು. ನೀ ಆರಿಸಿದ್ದು ತಪ್ಪಿರಲಿಲ್ಲ. ರಬ್ಬರ್ ಕೆಡಿಸಿದ್ದು ಈ ಗ್ರೀಸ್, ಹಚ್ಚಿದಾಂವ ನಾ. ಹಬ್ಬ ಮುಗಿದ ಮ್ಯಾಲ ಬಿಚ್ಚಿ ನೋಡಿದಾಗಲೇ ನನಗ ಗೊತ್ತಾಗಿತ್ತು, ನೀ ಕೇಳಿದಿ, ನಾ ಇಲ್ಲ ಅಂದೆ. ಗಾಲಿ ಬಿಸಿ ಆಗಲತ್ತದ ಅಂತ ಮೊದಲೇ ಹೇಳಿದ್ದಿ, ನಾ ಎದ್ದು ಬಂದು ಮುಟ್ಟಿ ನೋಡ್ಲಿಲ್ಲ. ತಪ್ಪು ನಂದವ್ವಾ. ನಂದೇ ತಪ್ಪು."